ನಿಧಿ ಮಷೀನ್ ಅಂತ ಮಾರಿದರು, ಸಿಕ್ಕಿದ್ದು ಅವ್ವನ ಓಲೆ: ಮೆಟಲ್ ಡಿಟೆಕ್ಟರ್ ಜೊತೆ ಒಂದು ವರ್ಷ

ನಿಧಿ ಸಿಗುತ್ತದಾ ಅಂತ ತಿಳಿಯಲು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಸಿಗುವುದಿಲ್ಲ. ಒಂದು ವರ್ಷದಲ್ಲಿ ನನಗೆ ಸಿಕ್ಕಿದ್ದು ಒಂದು ಬಂಗಾರದ ಓಲೆ, ಅದೂ ನಮ್ಮ ಅವ್ವನದೇ. ಆಮೇಲೆ ಹನ್ನೊಂದು ಹಳೆ ನಾಣ್ಯ, ಎತ್ತಿನ ಕೊರಳಿನ ಒಂದು ಒಡಕು ಗಂಟೆ, ಮತ್ತೆ ಬಕೆಟ್ಟುಗಟ್ಟಲೆ ಲಾಳದ ಮೊಳೆ, ಕ್ವಾರ್ಟರ್ ಬಾಟಲಿಯ ಮುಚ್ಚಳ. ಆದರೂ ಮಷೀನ್ ಮಾರಿಲ್ಲ. ಇಬ್ಬರು ಕೇಳಿದರು, ಕೊಡಲಿಲ್ಲ.

ತಂದದ್ದು ಯಾಕೆ ಅಂದರೆ, ಹೋದ ವರ್ಷ ಶೇಂಗಾ ಕೀಳುವಾಗ ಅವ್ವನ ಎಡಗಿವಿಯ ಓಲೆ ಹೊಲದಲ್ಲಿ ಬಿದ್ದುಹೋಯಿತು. ನಮ್ಮ ಹೊಲ ಇರುವುದು ಚಿತ್ರದುರ್ಗ ತಾಲೂಕಿನಲ್ಲಿ, ಭೀಮಸಮುದ್ರದ ಕಡೆ. ನಾನು ದಾವಣಗೆರೆಯಲ್ಲಿರುತ್ತೇನೆ, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. ಓಲೆ ಎರಡು ಗ್ರಾಂ ಇರಬಹುದು, ಅಷ್ಟೇ. ಆದರೆ ಅದು ಅವಳ ತವರಿನಿಂದ ಬಂದದ್ದು. ಆಳುಗಳೆಲ್ಲ ಸೇರಿ ಅರ್ಧ ಎಕರೆ ಮಣ್ಣನ್ನು ಕೈಯಲ್ಲಿ ಕೆದಕಿದ್ದಾರೆ, ಜರಡಿ ಹಿಡಿದಿದ್ದಾರೆ, ಸಿಕ್ಕಿಲ್ಲ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಚಿಕ್ಕಪ್ಪ ಹೇಳಿದ್ದು, "ಆ ಪೊಲೀಸ್ನೋರು ಇಟ್ಕೊಂಡಿರ್ತಾರಲ್ಲ, ಕುಯ್ ಅನ್ನೋದು, ಅದನ್ನ ತರ್ಸೋ."

ದಾವಣಗೆರೆಯಲ್ಲಿ ನಾಲ್ಕೈದು ಎಲೆಕ್ಟ್ರಿಕಲ್ ಅಂಗಡಿ ಸುತ್ತಿದೆ. ಸಿಕ್ಕಿದ್ದೆಲ್ಲ ಗೇಟಿನಲ್ಲಿ ಸೆಕ್ಯುರಿಟಿಯವರು ಮೈಮೇಲೆ ಆಡಿಸುವ ಸೌಟಿನಂಥದ್ದು. ನೆಲ ಹುಡುಕುವ ಉದ್ದ ಕೋಲಿನದು ಬೇಕು ಅಂದರೆ ಅಂಗಡಿಯವನು ಧ್ವನಿ ತಗ್ಗಿಸಿ, "ಎಲ್ಲಿ ಸಾರ್, ಜಾಗ ಗೊತ್ತಾಗಿದೆಯಾ?" ಅಂತ ಕೇಳಿದ. ಕೊನೆಗೆ ಆನ್‌ಲೈನ್‌ನಲ್ಲಿ 9,200 ರೂಪಾಯಿಗೆ ತರಿಸಿದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಬರೆದರೂ ಉಪಯೋಗ ಇಲ್ಲ, ಇದೇ ಹಳದಿ ಕಪ್ಪು ಮಷೀನನ್ನು ಐದಾರು ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಅವ್ವನಿಗೆ ಬೆಲೆ ಹೇಳಿದ ಮೇಲೆ ಬೈಸಿಕೊಂಡೆ. "ಆ ದುಡ್ಡಿಗೆ ಹೊಸ ಓಲೆನೇ ಮಾಡ್ಸಬೋದಿತ್ತಲ್ಲಪ್ಪ" ಅಂದಳು. ಈಗಿನ ರೇಟಿಗೆ ಆ ದುಡ್ಡಲ್ಲಿ ಒಂದು ಗ್ರಾಂ ಬಂಗಾರ ಕೂಡ ಬರಲ್ಲ ಅಂತ ಹೇಳಿ ತಪ್ಪಿಸಿಕೊಂಡೆ.

ಜಾಹೀರಾತಿನಲ್ಲಿ ಚಿನ್ನದ ಗಡಿಗೆಯ ಚಿತ್ರ ಇತ್ತು, 10 ಅಡಿ ಆಳದ ತನಕ ಅಂತ ಬರೆದಿತ್ತು. ಡಬ್ಬಿ ಬಿಚ್ಚಿದರೆ ಒಳಗೆ ಮೂರು ತುಂಡಿನ ಕೋಲು, ತಟ್ಟೆಯಷ್ಟು ಅಗಲದ ಕಾಯಿಲ್ (ತಂತಿ ಸುರುಳಿ), ಕೈ ಹಿಡಿಯ ಹತ್ತಿರ ಪುಟ್ಟ ಪರದೆಯ ಪೆಟ್ಟಿಗೆ, ಒಂದು ಅಗ್ಗದ ಹೆಡ್‌ಫೋನ್. ಬ್ಯಾಟರಿ ಇರಲಿಲ್ಲ, ಚೌಕಾಕಾರದ 9 ವೋಲ್ಟಿನವು ಎರಡು ಬೇಕು. ಜೊತೆಗಿದ್ದ ಪುಸ್ತಕದ ಅಕ್ಷರ ಸಾಸಿವೆಗಿಂತ ಸಣ್ಣ. ನಾನು ಮೋಟರ್ ರಿವೈಂಡಿಂಗ್ ಕಲಿತವನಾದ್ದರಿಂದ ಕಾಯಿಲ್ ಅಂದರೆ ಏನು ಅಂತ ಗೊತ್ತಿತ್ತು, ಇಲ್ಲದಿದ್ದರೆ ಮೊದಲ ದಿನವೇ ಮೂಲೆಗೆ ಹಾಕುತ್ತಿದ್ದೆ.

ಕೆಲಸ ಮಾಡುವ ಬಗೆ ಸುಲಭ. ತಟ್ಟೆಯೊಳಗೆ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತದ ಅಲೆಯನ್ನು ನೆಲಕ್ಕೆ ಬಿಡುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಕರೆಂಟ್ ಸುತ್ತುತ್ತದೆ, ಆ ಕರೆಂಟು ತನ್ನದೇ ಅಲೆ ವಾಪಸ್ ಕೊಡುತ್ತದೆ, ಎರಡನೇ ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ತಾಮ್ರ, ಬೆಳ್ಳಿ ಒಂದು ತರ ಉತ್ತರ ಕೊಡುತ್ತವೆ, ಕಬ್ಬಿಣ ಇನ್ನೊಂದು ತರ. ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಮಷೀನ್ ಅಂದಾಜು ಮಾಡಿ ಕಬ್ಬಿಣಕ್ಕೆ ದಪ್ಪ ದನಿ, ತಾಮ್ರ ಬೆಳ್ಳಿಗೆ ಕೀರಲು ದನಿ ಹೊರಡಿಸುತ್ತದೆ. ನೆನಪಿಡಿ, ಬರೀ ಅಂದಾಜು. ಪರದೆಯಲ್ಲಿ "ಗೋಲ್ಡ್" ಅಂತ ಬಂದ ಕೂಡಲೇ ಬಂಗಾರ ಅಲ್ಲ.

ಮೊದಲ ದಿನ ದಾವಣಗೆರೆ ಮನೆಯ ಹಾಲಿನಲ್ಲೇ ಆನ್ ಮಾಡಿದೆ. ನಿಲ್ಲದೆ ಕಿರುಚಿತು. ನೆಲದ ಸಿಮೆಂಟಿನೊಳಗೆ ಕಬ್ಬಿಣದ ಸರಳು, ಪಕ್ಕದಲ್ಲಿ ಕಬ್ಬಿಣದ ಮಂಚ, ಗೋಡೆಯೊಳಗೆ ವೈರು. ಮಷೀನ್ ಕೆಟ್ಟದ್ದು ಬಂದಿದೆ ಅಂತ ವಾಪಸ್ ಕಳಿಸುವ ಅರ್ಜಿ ಕೂಡ ಹಾಕಿಬಿಟ್ಟಿದ್ದೆ, ಆಮೇಲೆ ರದ್ದು ಮಾಡಿದೆ. ಈ ತಪ್ಪು ನನ್ನಂಥವರದ್ದು ಮಾತ್ರ ಅಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಒಂದು ಯಂತ್ರ ಮಾಡಿಕೊಂಡು ಹೋಗಿ ಮೈಯೊಳಗಿನ ಗುಂಡು ಹುಡುಕಲು ನೋಡಿದ. ಆಗಲಿಲ್ಲ. ಹಾಸಿಗೆಯ ಕೆಳಗಿದ್ದ ಉಕ್ಕಿನ ಸ್ಪ್ರಿಂಗು ಅವನ ದಾರಿ ತಪ್ಪಿಸಿತ್ತು ಅಂತಾರೆ. ಬೆಲ್‌ಗೇ ಮಂಚ ಕೈಕೊಟ್ಟ ಮೇಲೆ ನನ್ನದೇನು ಬಿಡಿ. ನೀವು ತಂದರೆ ಬಯಲಿನಲ್ಲಿ ಪರೀಕ್ಷೆ ಮಾಡಿ, ಕಾಲಿಗೆ ಚಪ್ಪಲಿ ಇರಲಿ. ಮೊಳೆ ಇರುವ ಬೂಟು ಬೇಡ.

ಇನ್ನೊಂದು ತಮಾಷೆ. ಜೇಬಿನಲ್ಲಿದ್ದ ಒಂದು ರೂಪಾಯಿ ನಾಣ್ಯ ನೆಲಕ್ಕಿಟ್ಟು ನೋಡಿದೆ. ಮಷೀನ್ ಒಮ್ಮೆ ಕಬ್ಬಿಣ ಅಂದಿತು, ಇನ್ನೊಮ್ಮೆ ಎಗರಿ ಬೆಳ್ಳಿ ಅಂದಿತು. ಯಾಕೆ ಅಂದರೆ ಈಗಿನ ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್. ಕಬ್ಬಿಣ ಬೇಡ ಅಂತ ಸೆಟ್ಟಿಂಗ್ ಇಟ್ಟರೆ ಇವತ್ತಿನ ಚಿಲ್ಲರೆ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಆದರೆ ಆಣೆ ಕಾಲದ ತಾಮ್ರದ ಬಿಲ್ಲೆ, ಹಳೆಯ ಅಲ್ಯುಮಿನಿಯಂ ಹತ್ತು ಪೈಸೆ, ಇಪ್ಪತ್ತು ಪೈಸೆ ಗಂಟಲು ಬಿಚ್ಚಿ ಮಾತಾಡುತ್ತವೆ.

ಈಗ ಮಣ್ಣಿನ ವಿಷಯಕ್ಕೆ ಬರುತ್ತೇನೆ. ಯೂಟ್ಯೂಬ್ ವಿಡಿಯೊ ನೋಡಿ ಮಷೀನ್ ತರುವ ನಮ್ಮ ಜಿಲ್ಲೆಯವರು ಮುಖ್ಯವಾಗಿ ತಿಳಿಯಬೇಕಾದದ್ದು ಇದೇ, ಆದರೆ ನಮ್ಮವರು ಯಾರೂ ಇದನ್ನು ಬರೆದದ್ದು ನಾನು ನೋಡಿಲ್ಲ. ನಮ್ಮ ಹೊಲದ್ದು ಕೆಂಪು ಮಣ್ಣು. ಭೀಮಸಮುದ್ರ, ಹೊಳಲ್ಕೆರೆ ಸುತ್ತ ಕಬ್ಬಿಣದ ಅದಿರಿನ ಗಣಿ ಇರುವುದು ಸುಮ್ನೆ ಅಲ್ಲ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹೊಲದಲ್ಲಿ ಎಳೆದರೆ ಕರಿ ಪುಡಿ ಗಡ್ಡದ ಹಾಗೆ ಮೆತ್ತಿಕೊಳ್ಳುತ್ತದೆ, ಕಡಲೆ ಗಾತ್ರದ ಕಲ್ಲುಗಳೂ ಅಂಟುತ್ತವೆ. ಇಂಥ ನೆಲದಲ್ಲಿ ಮಣ್ಣೇ ಮಷೀನಿಗೆ ಲೋಹದ ಹಾಗೆ ಕೇಳಿಸುತ್ತದೆ. ದುಬಾರಿ ಮಷೀನುಗಳಲ್ಲಿ ಮಣ್ಣಿನ ಸದ್ದನ್ನು ಕಳೆದು ಉಳಿದದ್ದನ್ನು ಮಾತ್ರ ಕೇಳುವ ಗ್ರೌಂಡ್ ಬ್ಯಾಲೆನ್ಸ್ ಇರುತ್ತದೆ. ನನ್ನದರಲ್ಲಿ ಕಾರ್ಖಾನೆಯವರು ಇಟ್ಟಿದ್ದೇ ಕೊನೆ, ತಿರುಗಿಸಲು ಗುಂಡಿ ಇಲ್ಲ. ಆದ್ದರಿಂದ ಕೆಂಪು ಹೊಲದಲ್ಲಿ ಸೆನ್ಸಿಟಿವಿಟಿ, ಅಂದರೆ ಮಷೀನಿನ ಕಿವಿಯ ಚುರುಕು, ಅರ್ಧಕ್ಕಿಂತ ಕೆಳಗೆ ಇಳಿಸಬೇಕು, ಇಲ್ಲದಿದ್ದರೆ ಹೆಜ್ಜೆಗೊಂದು ಸುಳ್ಳು ಬೀಪು.

ಅದಕ್ಕೇ ನಾನೇ ಒಂದು ಪರೀಕ್ಷೆ ಮಾಡಿದೆ. ಹಳೆ ತಾಮ್ರದ ಕಾಲಾಣೆ ಒಂದನ್ನು ಬೇರೆ ಬೇರೆ ಆಳಕ್ಕೆ ಹೂತು ಅಳತೆ ಟೇಪು ಹಿಡಿದು ನೋಡಿದೆ. ನಮ್ಮ ಕೆಂಪು ಹೊಲದಲ್ಲಿ ಮೂರು ಇಂಚಿನ ತನಕ ಸ್ಪಷ್ಟ, ನಾಲ್ಕಕ್ಕೆ ಅನುಮಾನ, ಐದಕ್ಕೆ ಮೌನ. ಹರಿಹರದ ಕಡೆ ನಮ್ಮ ಮಾವನವರ ಎರೆ ಹೊಲದಲ್ಲಿ ಅದೇ ನಾಣ್ಯ, ಅದೇ ಬ್ಯಾಟರಿ, ಆರು ಇಂಚಿನ ತನಕ ಗೊತ್ತಾಯಿತು. ಮಳೆ ಬಂದು ಎರಡು ದಿನ ಆಗಿತ್ತು, ಆಗ ಅರ್ಧ ಇಂಚು ಜಾಸ್ತಿಯೇ. ಹಳೆ ಕಬ್ಬಿಣದ ಬಾಂಡ್ಲಿಯನ್ನು ಹೂತರೆ ಎರಡು ಅಡಿಗೂ ಸದ್ದು ಮಾಡಿತು. ವಸ್ತು ದೊಡ್ಡದಾದಷ್ಟೂ ಆಳ ಜಾಸ್ತಿ, ಇಷ್ಟೇ ಲೆಕ್ಕ. 10 ಅಡಿ ಅನ್ನುವುದು ಬಹುಶಃ ಟ್ರ್ಯಾಕ್ಟರ್ ಹೂತರೆ.

ಓಲೆ ಸಿಕ್ಕ ಕತೆ ಹೇಳುತ್ತೇನೆ. ಮೂರು ಭಾನುವಾರ ಹುಡುಕಿದೆ. ಬಂಗಾರದ ಸಣ್ಣ ವಸ್ತುವಿನ ದನಿ ಕೀರಲು ಇರುವುದಿಲ್ಲ, ಮಧ್ಯದ ದನಿ. ತೊಂದರೆ ಏನೆಂದರೆ ಮಾತ್ರೆಯ ಬೆಳ್ಳಿ ಹಾಳೆ, ಬಾಟಲಿ ಮುಚ್ಚಳದ ಚೂರು, ನಮ್ಮ ರಾಜ್ಯದಲ್ಲಿ ಕುಡುಕರು ಎಲ್ಲೆಂದರಲ್ಲಿ ಬಿಸಾಕುವ ಟೆಟ್ರಾ ಪ್ಯಾಕು, ಇವೆಲ್ಲದರ ದನಿಯೂ ಅದೇ. ಕಸ ಬೇಡ ಅಂತ ಸೆಟ್ಟಿಂಗ್ ಹಾಕಿದರೆ ಬಂಗಾರವೂ ಕಸದ ಜೊತೆ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಅಗೆಯಲೇಬೇಕು. ಮೊದಲ ಭಾನುವಾರ ಅಗೆದದ್ದು ಅರವತ್ತೆರಡು ಗುಂಡಿ, ಸಿಕ್ಕಿದ್ದು ನಲವತ್ತು ಮುಚ್ಚಳ, ಉಳಿದದ್ದು ಮೊಳೆ, ಕುಂಟೆಯ ಮುರಿದ ಕುಡ, ಸೈಕಲ್ ಚೈನಿನ ತುಂಡು. ನಮ್ಮ ಹೊಲದಲ್ಲಿ ಇಷ್ಟು ಜನ ಕುಡಿದು ಹೋಗಿದ್ದಾರೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ.

ಮೂರನೇ ಭಾನುವಾರ ನಮ್ಮ ಅಕ್ಕನ ಮಗಳು, ನಾಲ್ಕನೇ ಕ್ಲಾಸು, ಮಷೀನ್ ಕಸಿದುಕೊಂಡು ಸಾಲಿನ ಕಡೆ ಹೋಗದೆ ಬದುವಿನ ಬೇವಿನ ಮರದ ಕೆಳಗೆ ಆಡಿಸತೊಡಗಿದಳು. ಅಲ್ಲಿ ಬೇಡ ಕಣೇ, ಅಲ್ಲಿ ಶೇಂಗಾನೇ ಇರಲಿಲ್ಲ ಅಂದೆ. "ಅಜ್ಜಿ ಉಂಡಿದ್ದು ಇಲ್ಲೇ ಅಲ್ವಾ ಮಾಮ" ಅಂದಳು. ಹೌದು, ಊಟಕ್ಕೆ ಕೂತಾಗ ತಲೆಯ ಸೆರಗು ಬಿಚ್ಚಿ ಬೆವರು ಒರೆಸಿಕೊಂಡಿದ್ದಾಳೆ, ಸೆರಗಿನ ಎಳೆಗೆ ಸಿಕ್ಕಿ ಓಲೆ ಜಾರಿದೆ. ಎರಡು ಇಂಚಿನ ಒಳಗೇ ಇತ್ತು, ತಿರುಪು ಮಾತ್ರ ಇವತ್ತಿಗೂ ಇಲ್ಲ. ಅವ್ವ ಓಲೆಯನ್ನು ನೀರಲ್ಲಿ ತೊಳೆದು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಮಷೀನಿಗೆ ಕುಂಕುಮ ಹಚ್ಚಿದಳು. ಕಾಯಿಲ್ ಮೇಲೆ ಆ ಕಲೆ ಇನ್ನೂ ಇದೆ.

ಆವತ್ತಿನಿಂದ ನನಗೆ ಗೊತ್ತಾದದ್ದು, ಉಳುವ ಜಾಗದಲ್ಲಿ ಹುಡುಕುವುದಕ್ಕಿಂತ ಕೂರುವ ಜಾಗದಲ್ಲಿ ಹುಡುಕಬೇಕು. ಜನ ಬಗ್ಗುವ, ಕೂರುವ, ಚೀಲ ಬಿಚ್ಚುವ ಕಡೆ ವಸ್ತು ಬೀಳುತ್ತವೆ. ಬೇವಿನ ಮರದ ಬುಡ, ಬಾವಿಯ ದಡ, ಹಳೆ ಕಣ ಇದ್ದ ಜಾಗ. ಆ ಹನ್ನೊಂದು ನಾಣ್ಯದಲ್ಲಿ ಎಂಟು ಸಿಕ್ಕಿದ್ದು ಕಣದ ಜಾಗದಲ್ಲಿ. ಒಂದು 1944ರ ತೂತಿನ ಕಾಸು, ಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು ನಡುವೆ ತೂತು ಬಿಟ್ಟು ಹೊಡೆದದ್ದು. 1943ರಿಂದ 47ರ ತನಕ ಮಾತ್ರ ಬಂತು. ನಮ್ಮಜ್ಜಿ ಅದನ್ನು ಉಡಿದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದಳಂತೆ. ಒಂದು ನಯಾ ಪೈಸೆ, 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ಪೈಸೆ ಬಂದಾಗ ಗೊಂದಲ ಆಗದಿರಲಿ ಅಂತ ನಯಾ ಸೇರಿಸಿದ್ದು, 1964ರಲ್ಲಿ ತೆಗೆದರು. ಆರು ಮೂಲೆಯ ಮೂರು ಪೈಸೆ ಎರಡು. ಕಮಲ ಇರುವ ಹಳದಿ ಇಪ್ಪತ್ತು ಪೈಸೆ ಒಂದು. ಅದು ಮಣ್ಣಿನಿಂದ ಎದ್ದಾಗ ಒಂದು ಕ್ಷಣ ನನ್ನ ಎದೆ ಹೊಡೆದುಕೊಂಡಿದ್ದು ಸುಳ್ಳಲ್ಲ, ಅಷ್ಟು ಬಂಗಾರದ ಬಣ್ಣ. ಉಳಿದವು ಮಾಮೂಲಿ ನಾಕಾಣೆ, ಹತ್ತು ಪೈಸೆ. ಎಲ್ಲ ಸೇರಿ ಮಾರಿದರೆ ಒಂದು ಜೊತೆ ಬ್ಯಾಟರಿ ಬರಬಹುದು.

ಬೆಲೆ ವಿಷಯ ಬಂತಲ್ಲ, ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಅನ್ನುವ ಫೋನುಗಳನ್ನು ನಂಬಬೇಡಿ. ಮೊದಲು ಶುಲ್ಕ ಕಟ್ಟಿ, ತೆರಿಗೆ ಕಟ್ಟಿ ಅಂತ ನಿಮ್ಮಿಂದಲೇ ಕೀಳುತ್ತಾರೆ. ರಿಸರ್ವ್ ಬ್ಯಾಂಕ್ ಹೆಸರು ಬಳಸಿ ಹೀಗೆ ಮಾಡುತ್ತಿದ್ದಾರೆ ಅಂತ 2021ರಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ತೂತಿನ ಕಾಸು ಸಂತೆಯಲ್ಲಿ ಇಪ್ಪತ್ತು ಮೂವತ್ತಕ್ಕೆ ಸಿಗುವ ಸಾಮಾನು.

ಆ ಇಪ್ಪತ್ತು ರೂಪಾಯಿಯ ಕಾಸನ್ನೂ ನಮ್ಮ ಅತ್ತೆ ಎರಡು ರೂಪಾಯಿಗೆ ಇಳಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ದೇವರ ಸಾಮಾನು ತಿಕ್ಕುವಾಗ ಇದೂ ಕೊಳೆಯಾಗಿದೆ ಅಂತ ಹುಣಸೆಹಣ್ಣು ಉಪ್ಪು ಹಾಕಿ ಫಳಫಳ ತಿಕ್ಕಿಟ್ಟಿದ್ದಾರೆ. ಎಂಬತ್ತು ವರ್ಷ ಮಣ್ಣಲ್ಲಿದ್ದು ಬಂದ ಕಂದು ಹೊಳಪು ಹೋಗಿ ಹೊಸ ವೈರಿನ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದೆ, ಅಂಚಿನ ಅಕ್ಷರ ಸವೆದಿದೆ. ಹಳೆ ತಾಮ್ರದ ಮೇಲಿನ ಆ ಪದರವೇ ಅದರ ರಕ್ಷಣೆ, ಹುಳಿ ತಾಗಿದರೆ ಎದ್ದುಹೋಗುತ್ತದೆ. ಬರೀ ನೀರಲ್ಲಿ ನೆನೆಸಿ ಮೆತ್ತನೆ ಬ್ರಶ್ ಆಡಿಸಿ, ಒರೆಸಿ, ಒಣಗಿಸಿಡಿ. ನಾಣ್ಯ ಕೊಳ್ಳುವವರು ತಿಕ್ಕಿದ ನಾಣ್ಯವನ್ನು ಕೈಯಲ್ಲೂ ಹಿಡಿಯುವುದಿಲ್ಲ.

ನಿಜವಾದ ಹಳೆ ನಾಣ್ಯ ನೋಡಿದ್ದು ಪಕ್ಕದ ಹೊಲದ ಅಜ್ಜನ ಮನೆಯಲ್ಲಿ. ಅವರ ಜಗಲಿ ದೇವರ ಪೆಟ್ಟಿಗೆಯಲ್ಲಿ ಟಿಪ್ಪು ಕಾಲದ ಆನೆ ಕಾಸು ಇದೆ. ಮೂರು ತಲೆಮಾರಿನಿಂದ ಪೂಜೆ ಆಗುತ್ತಿದೆ, ಅರಿಶಿನ ಕುಂಕುಮ ಕಟ್ಟಿಕೊಂಡು ಆನೆ ಅರ್ಧ ಮುಚ್ಚಿದೆ. ಮಷೀನ್ ಕೆಳಗೆ ಇಡಲು ಬಿಟ್ಟರು, ಅಗದಿ ಚೊಕ್ಕ ಕೀರಲು ದನಿ ಬಂತು. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರ್ಸಿ ಬರಹ. 1779ರಲ್ಲಿ ಹೈದರ್ ಕೋಟೆ ಹಿಡಿದ ಮೇಲೆ ಚಿತ್ರದುರ್ಗ ಮೈಸೂರಿನ ಕೈಗೆ ಹೋಯಿತಲ್ಲ, ಟಿಪ್ಪು ತನ್ನ ಊರುಗಳಿಗೆ ಹೊಸ ಹೆಸರು ಇಡುವಾಗ ಇದಕ್ಕೆ ಫರೂಖ್‌ಯಾಬ್ ಹಿಸಾರ್ ಅಂತ ಇಟ್ಟ, ಆ ಹೆಸರು ಹೊತ್ತ ಕಾಸುಗಳು ಇಲ್ಲೇ ಟಂಕಿಸಿದವು. ಅಜ್ಜನ ಕಾಸು ಇಲ್ಲಿಯದ್ದೇ ಅಂತ ಓದಿ ಹೇಳುವಷ್ಟು ಪಾರ್ಸಿ ನನಗೆ ಬರಲ್ಲ, ಕುಂಕುಮ ಕೆರೆಯಲು ಅಜ್ಜ ಬಿಡಲೂ ಇಲ್ಲ.

ಇಲ್ಲಿಂದ ಮುಂದೆ ಸ್ವಲ್ಪ ಬೇಸರದ ಮಾತು. ಮಷೀನ್ ತಂದ ಎರಡೇ ವಾರಕ್ಕೆ ಊರಲ್ಲಿ ಸುದ್ದಿ ಹಬ್ಬಿತು. ಹೊಲದಲ್ಲಿ ಬಗ್ಗಿದರೆ ಬದುವಿನ ಮೇಲೆ ಜನ ನಿಲ್ಲುತ್ತಿದ್ದರು. "ಎಷ್ಟು ಸಿಕ್ತಪ್ಪ?" ಅನ್ನುವುದು ನಮಸ್ಕಾರಕ್ಕೆ ಬದಲಾಯಿತು. ಬೀಟ್ ಪೊಲೀಸಿನವರೂ ಒಮ್ಮೆ ಬಂದು ಕೇಳಿ ಹೋದರು, ಓಲೆ ಕತೆ ಹೇಳಿ ಪಹಣಿ ತೋರಿಸಿದೆ, ನಕ್ಕು ಟೀ ಕುಡಿದು ಹೋದರು. ಆಮೇಲೊಂದು ರಾತ್ರಿ ಒಬ್ಬ ಬಂದ. ಊರಾಚೆ ಹಾಳುಗುಡಿ ಇದೆ, ಬಸವಣ್ಣನ ಮುಂದೆ ಇದೆಯಂತೆ, ನೋಡಿ ಹೇಳುವವರು ಹೇಳಿದ್ದಾರೆ. "ಬರೋ ಅಮಾಸೆ ಒಂದು ರಾತ್ರಿ ಮಷೀನ್ ಕೊಡಣ್ಣ ಸಾಕು, ನೀನು ಬರೋದೂ ಬೇಡ, ನಾಕಾಣೆ ಪಾಲು ನಿಂದು." ನಾನು ಕೊಡಲ್ಲ ಅಂದೆ. ಎಂಟಾಣೆಗೆ ಏರಿಸಿದ. ಅಪ್ಪ ಒಳಗಿಂದ ಕೆಮ್ಮಿದ ಮೇಲೆ ಎದ್ದು ಹೋದ.

ನಮ್ಮ ಸೀಮೆಯಲ್ಲಿ ಮೂಗು ಒಡೆದ, ಬುಡ ಮೇಲಾದ ಬಸವಣ್ಣಗಳನ್ನು ನೋಡಿರುತ್ತೀರಿ. ಎಷ್ಟೋ ಕಡೆ ಅದು ಯಾವ ಸುಲ್ತಾನನ ಕೆಲಸವೂ ಅಲ್ಲ, ನಮ್ಮವರೇ ಹಾರೆ ಹಾಕಿದ್ದು. ಪಾಳೆಗಾರರು ಬಂಗಾರ ಹೂತು ಹೋದರು ಅನ್ನುವ ಒಂದು ಮಾತು ನೂರು ಗುಡಿ ಅಗೆಸಿದೆ. ಇದಕ್ಕೆ ಮಷೀನ್ ಕಂಪನಿಗಳ ಗಡಿಗೆ ಚಿತ್ರ ತುಪ್ಪ ಹುಯ್ಯುತ್ತದೆ. ಇನ್ನೂ ಕೆಟ್ಟದ್ದು ಆಂಟೆನಾ ಹಾಗೆ ತಿರುಗುವ ಕಡ್ಡಿ ಇರುವ ಉಪಕರಣಗಳು, ಒಂದು ಕಿಲೋಮೀಟರ್ ದೂರದ ಬಂಗಾರ ತೋರಿಸುತ್ತದೆ ಅಂತ ಲಕ್ಷದ ಮೇಲೆ ಬೆಲೆ. ಅದರೊಳಗೆ ಕೆಲಸ ಮಾಡುವಂಥದ್ದು ಏನೂ ಇಲ್ಲ, ಕೈ ಅಲುಗಿದ ಕಡೆ ಕಡ್ಡಿ ತಿರುಗುತ್ತದೆ. ಬ್ರಿಟನ್ನಿನಲ್ಲಿ ಒಬ್ಬ ಇಂಥದ್ದೇ ಕಡ್ಡಿಯನ್ನು ಬಾಂಬ್ ಹುಡುಕುವ ಯಂತ್ರ ಅಂತ ಇರಾಕಿಗೆ ಮಾರಿ 2013ರಲ್ಲಿ ಹತ್ತು ವರ್ಷ ಜೈಲಿಗೆ ಹೋದ. ಬಾಂಬಿಗೇ ಸುಳ್ಳು ಹೇಳಿದವರು ಬಂಗಾರಕ್ಕೆ ಹೇಳಲ್ವಾ? ಅಕ್ಕಿ ಕಾಳು ಎಳೆಯುವ ರೈಸ್ ಪುಲ್ಲರ್ ಚೊಂಬಿನ ಮೋಸವೂ ಇದೇ ಜಾತಿ.

ಕಾನೂನು ಕೂಡ ಎರಡು ಮಾತಲ್ಲಿ ಹೇಳುತ್ತೇನೆ, ಯಾಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ. ನಿಮ್ಮದೇ ಹೊಲವಾದರೂ ಮಣ್ಣೊಳಗೆ ಸಿಕ್ಕಿದ ನಿಧಿ ಸುಮ್ನೆ ನಿಮ್ಮದಾಗಿಬಿಡುವುದಿಲ್ಲ. 1878ರ ಬ್ರಿಟಿಷರ ಕಾಯ್ದೆಯಲ್ಲೇ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು ಅಂತ ಇತ್ತು, ನಮ್ಮ ರಾಜ್ಯಕ್ಕೆ 1962ರ ಬೇರೆ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಹಳೆಯದು ಏನಾದರೂ ಸಿಕ್ಕರೆ ಅಲ್ಲಿಗೇ ಅಗೆಯುವುದು ನಿಲ್ಲಿಸಿ, ಫೋಟೊ ತೆಗೆದು, ತಹಶೀಲ್ದಾರರಿಗೋ ಪೊಲೀಸರಿಗೋ ತಿಳಿಸಿ. ಚಿತ್ರದುರ್ಗದ ಕೋಟೆ, ಅದರ ಹತ್ತಿರದ ಚಂದ್ರವಳ್ಳಿ, ಮೊಳಕಾಲ್ಮೂರಿನ ಬ್ರಹ್ಮಗಿರಿ, ಯಾವ ಹಳೆ ಗುಡಿಯ ಸುತ್ತವೂ ಮಷೀನ್ ಆನ್ ಮಾಡಬೇಡಿ.

ಚಂದ್ರವಳ್ಳಿಯನ್ನು ಹೆಸರಿಸಿ ಹೇಳುವುದಕ್ಕೆ ಕಾರಣ ಇದೆ. ಈ ಮಷೀನ್ ಬಂದ ಮೇಲೆ ನನಗೆ ಆ ಜಾಗದ ಹುಚ್ಚು ಹಿಡಿಯಿತು, ಮಷೀನ್ ಬಿಟ್ಟು ನಾಲ್ಕು ಸಲ ಹೋಗಿ ಬಂದೆ. 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅಲ್ಲಿ ಅಗೆದರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕವು, ಸದಕಣ ಮಹಾರಠಿ ಅನ್ನುವ ಇಲ್ಲಿನ ಒಡೆಯನದ್ದೂ ಸಿಕ್ಕಿತು, ಎಲ್ಲಕ್ಕಿಂತ ಸೋಜಿಗ ಅಂದರೆ ರೋಮ್ ದೊರೆಗಳ ಬೆಳ್ಳಿ ನಾಣ್ಯ. ಎರಡು ಸಾವಿರ ವರ್ಷದ ಹಿಂದೆ ಈ ಬಂಡೆಗಳ ನಡುವೆ ರೋಮಿನ ದುಡ್ಡು ಓಡಾಡಿದೆ. ವೀಲರ್ ನಾಣ್ಯ ಎತ್ತಿಕೊಂಡು ಹೋಗಲು ಬಂದವನಲ್ಲ. ಪದರ ಪದರವಾಗಿ ಬಿಡಿಸಿ, ಯಾವ ಪದರದಲ್ಲಿ ರೋಮಿನ ನಾಣ್ಯ ಇದೆ, ಅದರ ಜೊತೆ ಯಾವ ಮಡಕೆ ಚೂರು ಇದೆ ಅಂತ ಬರೆದ. ರೋಮ್ ದೊರೆಯ ಕಾಲ ಗೊತ್ತಿರುವುದರಿಂದ ಆ ಮಡಕೆಯ ಕಾಲ ತಿಳಿಯಿತು, ಅದರಿಂದ ಕೆಳಗಿನ ಪದರದ್ದು ಹಳೆಯದು, ಮೇಲಿನದ್ದು ಹೊಸದು ಅಂತ ದಾರಿ ಸಿಕ್ಕಿತು. ನನ್ನಂಥವನು ಹೋಗಿ ಬೀಪ್ ಅಂದ ಕಡೆ ಗುಂಡಿ ತೋಡಿ ನಾಣ್ಯ ಜೇಬಿಗಿಳಿಸಿದರೆ ಉಳಿಯುವುದು ಒಂದು ತುಂಡು ಲೋಹ, ಅಷ್ಟೇ. ದುರ್ಗದ ಮ್ಯೂಸಿಯಂ ನೋಡಿಲ್ಲದಿದ್ದರೆ ಒಮ್ಮೆ ಹೋಗಿ.

ಇಂಗ್ಲೆಂಡಿನ ವಿಡಿಯೊಗಳಲ್ಲಿ ಹೊಲದಿಂದ ಬಂಗಾರ ಎದ್ದುಬರುತ್ತದಲ್ಲ ಅಂತ ಕೇಳುತ್ತೀರಿ. ಬರುತ್ತದೆ. 2009ರಲ್ಲಿ ಸ್ಟಾಫರ್ಡ್‌ಶೈರ್‌ನಲ್ಲಿ ಇಂಥದ್ದೇ ಹವ್ಯಾಸಿಗೆ ಒಬ್ಬ ರೈತನ ಹೊಲದಲ್ಲಿ ದೊಡ್ಡ ರಾಶಿಯೇ ಸಿಕ್ಕಿತು, ಸರ್ಕಾರಕ್ಕೆ ತಿಳಿಸಿದ, ಮ್ಯೂಸಿಯಂ ಕೊಂಡಿತು, ಹಣ ಅವನಿಗೂ ಹೊಲದವನಿಗೂ ಹಂಚಿಕೆ ಆಯಿತು. ಅಲ್ಲಿನ ಕಾಯ್ದೆ ಬೇರೆ, ಸಿಕ್ಕಿದ್ದನ್ನು ಬರೆಸಿಕೊಳ್ಳುವ ವ್ಯವಸ್ಥೆ ಬೇರೆ, ಮಣ್ಣೂ ಬೇರೆ. ಇನ್ನೊಂದು ಲೆಕ್ಕ ನೋಡಿ. ನಮ್ಮ ವಿಜಯನಗರದ ವರಹ ಸುಮಾರು ಮೂರೂವರೆ ಗ್ರಾಂ, ಅದರ ಹತ್ತರಲ್ಲಿ ಒಂದು ಪಾಲಿನದೇ ಹಣ ಅನ್ನುವ ನಾಣ್ಯ. ಅವ್ವನ ಎರಡು ಗ್ರಾಂ ಓಲೆಯನ್ನೇ ಈ ಮಷೀನ್ ಕೆಂಪು ಮಣ್ಣಲ್ಲಿ ಎರಡು ಇಂಚಿಗೆ ಒದ್ದಾಡಿ ಕೇಳಿಸಿಕೊಂಡಿದೆ. ಬೇಳೆ ಕಾಳಿನಂಥ ಹಣ ಮೇಲೇ ಬಿದ್ದಿದ್ದರೂ ಇದಕ್ಕೆ ಕೇಳಿಸುವುದು ಅನುಮಾನ.

ಮಷೀನಿನ ಕುಂದುಗಳು. ಒಂದು ಜೊತೆ 9 ವೋಲ್ಟ್ ಬ್ಯಾಟರಿ ಎಂಟು ಗಂಟೆ ಕೂಡ ಬರಲ್ಲ, ಅಗ್ಗದ್ದು ಹಾಕಿದರೆ ನಾಲ್ಕೇ ಗಂಟೆ. ಬ್ಯಾಟರಿ ಇಳಿದಾಗ ಎಚ್ಚರಿಸುವುದಿಲ್ಲ, ಸುಮ್ನೆ ಕಿವುಡಾಗುತ್ತಾ ಹೋಗುತ್ತದೆ, ನೀವು ಹೊಲದಲ್ಲಿ ಏನೂ ಇಲ್ಲ ಅಂದುಕೊಂಡು ನಡೆಯುತ್ತಿರುತ್ತೀರಿ. ಕಾಯಿಲ್ ನೀರು ತಡೆಯುತ್ತದೆ, ಮೇಲಿನ ಪೆಟ್ಟಿಗೆ ತಡೆಯುವುದಿಲ್ಲ, ಇದನ್ನು ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ತುಂತುರು ಮಳೆಗೇ ಪರದೆ ಮಂಜಾಯಿತು, ಅಕ್ಕಿ ಡಬ್ಬದಲ್ಲಿ ಎರಡು ದಿನ ಇಟ್ಟ ಮೇಲೆ ಸರಿಹೋಯಿತು. ಆರನೇ ತಿಂಗಳು ಕಾಯಿಲ್ ವೈರು ಬುಡದಲ್ಲಿ ಕಿತ್ತುಬಂತು. ಗ್ಯಾರಂಟಿ ಒಂದು ವರ್ಷ ಅಂತ ಬರೆದಿದ್ದರೂ ಮಾರಿದವರು ಮೂರು ವಾರ ಮೆಸೇಜ್ ಆಡಿಸಿ ಕೊನೆಗೆ ಉತ್ತರ ನಿಲ್ಲಿಸಿದರು. ನಾನೇ ಬೆಸುಗೆ ಹಾಕಿದೆ, ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಿ ಟೇಪ್ ಹಚ್ಚಿದೆ. ವೈರು ಅಲುಗಾಡಿದರೂ ಸುಳ್ಳು ಬೀಪ್ ಬರುತ್ತದೆ, ಆದ್ದರಿಂದ ಹೊಸದರಲ್ಲೇ ಸುತ್ತಿಬಿಡಿ. ಹೆಡ್‌ಫೋನ್ ಎಸೆದು ಮನೆಯದ್ದು ಹಾಕಿಕೊಳ್ಳಿ. ತೂಕ ಕಡಿಮೆ ಅನ್ನಿಸಿದರೂ ಎರಡು ಗಂಟೆ ಆಡಿಸಿದರೆ ಮೊಣಕೈ ಹೇಳುತ್ತದೆ.

ಒಳ್ಳೆಯದೂ ಇದೆ. ಜಾಗ ಚೊಕ್ಕ ತೋರಿಸುವ ಪಿನ್‌ಪಾಯಿಂಟ್ ಗುಂಡಿ ನಂಬಿಕಸ್ತ, ಬೊಗಸೆಯಷ್ಟು ಮಣ್ಣು ತೆಗೆದರೆ ಸಾಕು. ದನಿ ಕೇಳಿಯೇ ಮೊಳೆ ಯಾವುದು ಅಂತ ಎರಡು ತಿಂಗಳಲ್ಲಿ ಕಿವಿಗೆ ರೂಢಿ ಆಗುತ್ತದೆ. ತೋಡಿದ ಗುಂಡಿ ಮುಚ್ಚಿ, ಕಾಲಲ್ಲಿ ತುಳಿದು ಹೋಗಿ, ಇಲ್ಲದಿದ್ದರೆ ಎತ್ತಿನ ಕಾಲು ಸಿಕ್ಕಿಕೊಳ್ಳುತ್ತದೆ. ಐದಕ್ಕೆ ಎಷ್ಟು ಅಂಕ ಅಂದರೆ ಎರೆ ನೆಲದವರಿಗೆ ಮೂರೂವರೆ, ನಮ್ಮ ಕೆಂಪು ನೆಲದವರಿಗೆ ಎರಡು. ಕೈಯಲ್ಲಿ ಇನ್ನೂ ಹದಿನೈದು ಇಪ್ಪತ್ತು ಸಾವಿರ ಇದ್ದರೆ ಗ್ರೌಂಡ್ ಬ್ಯಾಲೆನ್ಸ್ ತಿರುಗಿಸಲು ಬರುವಂಥದ್ದೋ, ಒಂದೇ ಸಲ ಹಲವು ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವಂಥದ್ದೋ ತೆಗೆದುಕೊಳ್ಳಿ. ಬರೀ ನಾಣ್ಯದ ಆಸೆಗಾದರೆ ಅದೂ ಬೇಡ, ಆ ದುಡ್ಡಿಗೆ ನಾಣ್ಯ ಪ್ರದರ್ಶನದಲ್ಲಿ ಚೀಲ ತುಂಬ ಕಾಸು ಬರುತ್ತದೆ.

ಈಗ ಇದು ಊರ ಮಷೀನ್ ಆಗಿದೆ. ನಿಧಿ ಕೇಳುವವರು ನಿಂತರು, ಬೇರೆಯವರು ಶುರುವಾದರು. ಒಬ್ಬರ ತೋಟದಲ್ಲಿ ಮಣ್ಣು ಮುಚ್ಚಿಹೋದ ಪೈಪ್‌ಲೈನಿನ ಕಬ್ಬಿಣದ ವಾಲ್ವ್ ಹತ್ತು ನಿಮಿಷದಲ್ಲಿ ಸಿಕ್ಕಿತು, ಜೆಸಿಬಿ ಖರ್ಚು ಉಳಿಯಿತು ಅಂತ ಬೆಣ್ಣೆ ದೋಸೆ ಕೊಡಿಸಿದರು. ಇನ್ನೊಬ್ಬರ ಬೈಕ್ ಕೀ ಹುಲ್ಲಿನ ಬಣವೆ ಪಕ್ಕ ಸಿಕ್ಕಿತು. ಈ ಭಾನುವಾರ ಅಜ್ಜನ ಹೊಲದಲ್ಲಿ ಟ್ರೇಲರಿನ ಪಿನ್ ಹುಡುಕಬೇಕು, ಅಜ್ಜ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಪಿನ್ ಎಲ್ಲಿ ಬಿತ್ತು ಅಂತ ಕೇಳಬೇಡ, ನಾವು ಎಲ್ಲಿ ಉಂಡ್ವಿ ಅಂತ ಕೇಳು ಅಂದರು.